ಸೂಜಿಯ ಮೊನೆಯ ಕಥೆ

ಕೋಲಾರಕ್ಕೆ ಬಂದು ಕೋಲಾರಮ್ಮನ ದರ್ಶನ ಮಾಡಿದವರು ಅದೇ ಗುಡಿಯಲ್ಲಿರುವ ಚೇಳಮ್ಮನಿಗೂ ಕೈಮುಗಿಯದೆ ಹಿಂದಿರುಗುವುದಿಲ್ಲ. ಈ ತಾಯಿಗೆ ನಡೆದುಕೊಂಡವರನ್ನು ಚೇಳು ಕುಟುಕದೆಂಬುದು ನಮ್ಮ ಸೀಮೆಯ ಹಳೆಯ ನಂಬಿಕೆ. ನೆಲದಲ್ಲಿಯೇ ತೋಡಿದ ಪುರಾತನ ಹುಂಡಿಯೊಂದು ಅಲ್ಲುಂಟು. ಅದಕ್ಕೆ ಕಾಣಿಕೆ ಹಾಕುವಾಗ ಮಕ್ಕಳು ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿ ನಕ್ಕಿದ್ದೇನೆ. ಆದರೆ ನಗುವ ಮಾತಲ್ಲ. ಬಂಡೆಗಳ ನಾಡು ನಮ್ಮದು. ಮಾಲೂರಿನ ಹೆಂಚಿನ ರಾಶಿಗೆ ಕೈಯಿಡುವವನಿಗೂ, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಒಣಗಿದೆಲೆ ಗುಡಿಸುವವಳಿಗೂ ಚೇಳಿನ ಭಯ ಇದ್ದೇ ಇದೆ.

ಚೇಳಿನ ಕೊಂಡಿಯೆಂದರೆ ಪ್ರಕೃತಿಯೇ ರಚಿಸಿಕೊಟ್ಟ ಇಂಜೆಕ್ಷನ್ ಸೂಜಿ. ಚೂಪಾದ ಮೊನೆ, ಹಿಂದೆ ವಿಷದ ಚೀಲ, ಚೀಲವನ್ನು ಹಿಂಡುವುದಕ್ಕೆ ಸ್ನಾಯು, ಎಲ್ಲವೂ ಸಿದ್ಧವಾಗಿವೆ. ಅದರ ರಚನೆಯಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ವಿಷ ಹೊರಡುವ ರಂಧ್ರ ಕೊಂಡಿಯ ತುತ್ತತುದಿಯಲ್ಲಿಲ್ಲ. ತುದಿ ಗಟ್ಟಿಯಾಗಿದೆ; ಅದಕ್ಕಿಂತ ತುಸು ಹಿಂದೆ, ಪಕ್ಕಗಳಲ್ಲಿ, ಎರಡು ಸೂಕ್ಷ್ಮ ರಂಧ್ರಗಳಿವೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬಂದೀತು.

ನೋಯಿಸುವ ಸೂಜಿಯನ್ನು ಚೇಳು ಪಡೆದು ಬಂದಿತು. ನೋವು ಕಳೆಯುವ ಸೂಜಿಯನ್ನು ಮನುಷ್ಯನು ಮಾಡಿಕೊಂಡನು. ಹಲ್ಲು ಕೀಳುವ ಮುನ್ನ ವಸಡಿಗೆ, ಪೊರೆ ತೆಗೆಯುವ ಮುನ್ನ ಕಣ್ಣಿನ ಪಕ್ಕಕ್ಕೆ, ಸಿಸೇರಿಯನ್ ಹೆರಿಗೆಗೆ ಮುನ್ನ ಬೆನ್ನಿಗೆ ಅರಿವಳಿಕೆ ಮದ್ದನ್ನು ಚುಚ್ಚುವುದು ಇಂದು ಮನೆಮನೆಗೂ ಗೊತ್ತಿರುವ ವಿಷಯ. ಮದ್ದಿನ ಹೆಸರನ್ನು ಎಲ್ಲರೂ ಕೇಳುತ್ತಾರೆ, ವೈದ್ಯರ ಕೈಗುಣವನ್ನು ಎಲ್ಲರೂ ವಿಚಾರಿಸುತ್ತಾರೆ. ಆದರೆ ನಡುವೆ ಇರುವ ಆ ಸೂಜಿಯನ್ನು ಕುರಿತು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಕನ್ನಡ ಪಾಠ ಹೇಳುವವನಿಗೆ ಸೂಜಿಯ ಗೊಡವೆ ಏಕೆ? ಆ ಗೊಡವೆ ನನ್ನ ಮನೆಯ ಬಾಗಿಲಿಗೇ ಬಂದಿತು.

ಮಲಗಿದರೆ ನೋವಿಲ್ಲ

ನನ್ನ ತಂಗಿಯನ್ನು ಮುಳಬಾಗಿಲಿಗೆ ಕೊಟ್ಟಿದೆ. ಎರಡನೆಯ ಹೆರಿಗೆಯಾದುದರಿಂದ ಬಾಣಂತನ ಗಂಡನ ಮನೆಯಲ್ಲೇ ನಡೆಯಿತು. ಸಿಸೇರಿಯನ್ ಮಾಡಬೇಕಾಯಿತು, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಗುವನ್ನು ಸುಖವಾಗಿ ಹೊರತೆಗೆದರು. ಎರಡನೆಯ ದಿನ ತಲೆನೋವು ಮೊದಲಾಯಿತು. ಕತ್ತಿನ ಹಿಂಭಾಗದಿಂದ ಹೊರಟು ಹಣೆಯವರೆಗೂ ಹಿಡಿಯುವ ನೋವು. ಮಗುವಿಗೆ ಹಾಲೂಡಿಸಲು ಎದ್ದು ಕುಳಿತರೆ ಕಣ್ಣು ಕತ್ತಲೆ. ಹೆರಿಗೆ ಮಾಡಿಸಿದ ಆಸ್ಪತ್ರೆಯಲ್ಲಿ ಕೇಳಿದರೆ, “ಎಲ್ಲಾ ಸರಿಹೋಗುತ್ತೆ” ಎಂದು ಎರಡು ಮಾತ್ರೆ ಕೊಟ್ಟು ಕಳುಹಿಸಿದರು.

ಸರಿಹೋಗಲಿಲ್ಲ. “ಕಿವಿಗೆ ಹತ್ತಿ ಇಟ್ಕೊಳ್ಳಮ್ಮಾ ಅಂದ್ರೆ ಕೇಳಲಿಲ್ಲ, ಶೀತ ಹೊಕ್ಕಿದೆ” ಎಂದರು ಅತ್ತೆಯವರು. ನೋಡಲು ಬಂದ ನೆಂಟರಲ್ಲೊಬ್ಬರು, ಮಲಗಿದ್ದಾಗ ನೆಮ್ಮದಿಯಾಗಿರುವವಳು ಎಬ್ಬಿಸಿದೊಡನೆ ನರಳುವುದನ್ನು ಕಂಡು, “ಇದೆಂಥಾ ನೋವು! ಕೆಲಸ ಬಂದಾಗ ಬರೋ ನೋವು” ಎಂದರಂತೆ. ಆ ಮಾತು ನನ್ನ ತಂಗಿಗೆ ತಲೆನೋವಿಗಿಂತಲೂ ಹೆಚ್ಚಾಗಿ ನೋಯಿಸಿತು. ಐದನೆಯ ದಿನ ನಾನು ಹೋದಾಗ ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. “ಅಣ್ಣಾ, ಮಲಕ್ಕೊಂಡ್ರೆ ಏನೂ ಇಲ್ಲ. ಎದ್ರೆ ಯಾರೋ ತಲೇನ ಒಳಗಿಂದ ಹಿಡಿದು ಕೆಳಕ್ಕೆ ಎಳೆದ ಹಾಗಾಗುತ್ತೆ. ನಾನು ಸುಳ್ಳು ಹೇಳ್ತಿಲ್ಲ ಅಂತ ನೀನಾದ್ರೂ ಹೇಳು” ಎಂದಳು.

ಕೋಲಾರಕ್ಕೆ ಹಿಂದಿರುಗಿದವನೇ ನನಗೆ ಪರಿಚಯವಿದ್ದ ಹಿರಿಯ ಅರಿವಳಿಕೆ ವೈದ್ಯರೊಬ್ಬರನ್ನು ಕಂಡೆ. ಅವರು ಎರಡೇ ಪ್ರಶ್ನೆ ಕೇಳಿದರು: “ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ? ಮಲಗಿದರೆ ನೋವು ಹೋಗುತ್ತದೆಯೆ?” ಎರಡಕ್ಕೂ ಹೌದೆಂದೆ. “ಹಾಗಾದರೆ ಅದು ಶೀತವಲ್ಲ, ಸೋಗೂ ಅಲ್ಲ ಮೇಷ್ಟ್ರೇ. ಒಂದು ತೂತು” ಎಂದರು.

ಅವರು ವಿವರಿಸಿದುದು ಇಷ್ಟು. ಮಿದುಳೂ ಬೆನ್ನುಹುರಿಯೂ ಒಂದು ತಿಳಿಯಾದ ರಸದಲ್ಲಿ ತೇಲುತ್ತಿರುತ್ತವೆ. ವಯಸ್ಕರಲ್ಲಿ ಆ ರಸದ ಪ್ರಮಾಣ ಸುಮಾರು ೧೫೦ ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು. ಅದನ್ನು ಹಿಡಿದಿಟ್ಟಿರುವುದು ಒಂದು ಗಟ್ಟಿ ಪೊರೆ. ಬೆನ್ನಿಗೆ ಕೊಡುವ ಸೂಜಿ ಆ ಪೊರೆಯನ್ನು ಭೇದಿಸಿ, ರಸದೊಳಕ್ಕೆ ಮದ್ದನ್ನು ಬಿಡುತ್ತದೆ. ಸೂಜಿ ಹೊರಬಂದ ಮೇಲೆ ತೂತು ಬೇಗ ಮುಚ್ಚದಿದ್ದರೆ ರಸ ಜಿನುಗುತ್ತದೆ. ಎದ್ದು ಕುಳಿತೊಡನೆ, ತೇಲಿಸುವ ರಸ ಕಡಿಮೆಯಾದ ಮಿದುಳು ತುಸು ಕೆಳಕ್ಕೆ ಜಗ್ಗುತ್ತದೆ. ನನ್ನ ತಂಗಿ ಹೇಳಿದ “ಕೆಳಕ್ಕೆ ಎಳೆದ ಹಾಗೆ” ಎಂಬ ಮಾತು ಉಪಮೆಯಾಗಿರಲಿಲ್ಲ, ವರದಿಯಾಗಿತ್ತು.

ಕೀಲ್ ನಗರದ ಒಂದು ಸಂಜೆ

ಈ ತಲೆನೋವಿಗೆ ಬೆನ್ನಿನ ಇಂಜೆಕ್ಷನ್ನಿನಷ್ಟೇ ವಯಸ್ಸು. ಚರ್ಮದಡಿಗೆ ಮದ್ದು ಹಾಕುವ ಟೊಳ್ಳು ಸೂಜಿಯನ್ನು ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ ೧೮೪೪ರಲ್ಲಿ ಬಳಸಿದನು. ೧೮೫೩ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವುಡ್ ಸೂಜಿಯನ್ನೂ ಪಿಚಕಾರಿಯನ್ನೂ ಕೂಡಿಸಿದನು. ಸೂಜಿ ಸಿದ್ಧವಾಗಿತ್ತು, ಆದರೆ ಮರಗಟ್ಟಿಸುವ ಮದ್ದಿರಲಿಲ್ಲ. ೧೮೮೪ರಲ್ಲಿ ವಿಯೆನ್ನಾದ ತರುಣ ವೈದ್ಯ ಕಾರ್ಲ್ ಕೊಲ್ಲರ್, ಕೊಕೇನಿನ ಹನಿಗಳಿಂದ ಕಣ್ಣು ಮರಗಟ್ಟುವುದನ್ನು ಕಂಡುಹಿಡಿದನು. ಹೈಡೆಲ್‌ಬರ್ಗಿನ ಸಮ್ಮೇಳನಕ್ಕೆ ಹೋಗಲು ಅವನ ಬಳಿ ಹಣವಿಲ್ಲದೆ, ಅವನ ಪ್ರಬಂಧವನ್ನು ಬೇರೊಬ್ಬರು ಓದಿದರು.

೧೮೯೮ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಅದೇ ಮದ್ದನ್ನು ರೋಗಿಗಳ ಬೆನ್ನಿನ ರಸಕ್ಕೆ ಹಾಕಿ, ಕಾಲಿನ ಶಸ್ತ್ರಕ್ರಿಯೆಗಳನ್ನು ನೋವಿಲ್ಲದೆ ಮುಗಿಸಿದನು. ಆದರೆ ಕೆಲವರು ಆಮೇಲೆ ತಲೆನೋವೆಂದು ನರಳಿದರು. ಬಿಯರ್ ಅದನ್ನು ಸೋಗೆನ್ನಲಿಲ್ಲ. ತನ್ನ ಬೆನ್ನಿಗೇ ಚುಚ್ಚೆಂದು ಸಹಾಯಕ ಹಿಲ್ಡೆಬ್ರಾಂಟನಿಗೆ ಹೇಳಿದನು. ಸೂಜಿ ಸರಿಯಾದ ಜಾಗಕ್ಕೆ ಹೋಯಿತು. ಆದರೆ ಪಿಚಕಾರಿಯ ಮೂತಿ ಆ ಸೂಜಿಗೆ ಹೊಂದಲಿಲ್ಲ! ಮದ್ದಿನ ಬಹುಪಾಲು ಹೊರಗೆ ಸೋರಿತು. ಬಿಯರನ ರಸವೂ ಸಾಕಷ್ಟು ಹರಿದುಹೋಯಿತು. ಆಗ ಗುರುಶಿಷ್ಯರು ಸ್ಥಾನ ಬದಲಾಯಿಸಿದರು. ಹಿಲ್ಡೆಬ್ರಾಂಟನ ಕಾಲುಗಳು ಸಂಪೂರ್ಣವಾಗಿ ಮರಗಟ್ಟಿದವು. ಮೊಳಕಾಲಿನ ಕೆಳಗಿನ ಮೂಳೆಗೆ ಸುತ್ತಿಗೆಯಿಂದ ಹೊಡೆದರೂ, ಉರಿಯುವ ಚುಟ್ಟವನ್ನು ಒತ್ತಿದರೂ ಅವನಿಗೆ ನೋವಾಗಲಿಲ್ಲ. ಇಬ್ಬರೂ ಸಂತೋಷದಿಂದ ಊಟ ಮಾಡಿ ಮಲಗಿದರು.

ಮರುದಿನದಿಂದ ಬಿಯರನಿಗೆ ತಲೆನೋವು. ಎದ್ದರೆ ನೋವು, ಮಲಗಿದರೆ ಇಲ್ಲ. ಒಂಬತ್ತು ದಿನ ಅವನು ಹಾಸಿಗೆ ಹಿಡಿದನು. ರಸ ಸೋರಿದ್ದೇ ಇದಕ್ಕೆ ಕಾರಣವೆಂದು ಅವನೇ ಊಹಿಸಿ ಬರೆದಿಟ್ಟನು. ಮುಳಬಾಗಿಲಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಬಾಣಂತಿಯ ನೋವಿಗೆ, ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ಅದನ್ನು ಸ್ವತಃ ಅನುಭವಿಸಿದ ವೈದ್ಯನ ಸಾಕ್ಷ್ಯವಿತ್ತು.

ಮೂಟೆಗೆ ಚುಚ್ಚುವ ಕೊಳವೆ

ತೂತು ಬೇಗ ಮುಚ್ಚಬೇಕಾದರೆ ಏನು ಮಾಡಬೇಕು? ಸೂಜಿಯನ್ನು ಸಣ್ಣದಾಗಿಸಬೇಕೆಂಬುದು ಮೊದಲ ಉತ್ತರ. ಸೂಜಿಯ ಅಳತೆಯಲ್ಲಿ ನಂಬರು ಹೆಚ್ಚಿದಷ್ಟೂ ದಪ್ಪ ಕಡಿಮೆ. ೨೨ನೆಯ ನಂಬರಿನದು ಸುಮಾರು ೦.೭ ಮಿಲಿಮೀಟರ್, ೨೫ರದು ೦.೫, ೨೭ರದು ೦.೪. ಆದರೆ ತೀರ ಸಣ್ಣದಾದರೆ ಸೂಜಿ ದಾರಿಯಲ್ಲಿ ಬಾಗುತ್ತದೆ. ರಸ ಬಂದಿತೋ ಇಲ್ಲವೋ ತಿಳಿಯುವುದೂ ತಡವಾಗುತ್ತದೆ. ಆದುದರಿಂದ ಸಣ್ಣ ಸೂಜಿಗೆ ದಾರಿ ಮಾಡಿಕೊಡಲು ಮೊದಲು ಒಂದು ಗಿಡ್ಡನೆಯ ದಪ್ಪ ಸೂಜಿಯನ್ನು ಚರ್ಮದಲ್ಲಿ ನೆಟ್ಟು, ಅದರೊಳಗಿನಿಂದ ಇದನ್ನು ತೂರಿಸುತ್ತಾರೆ.

ಎರಡನೆಯ ಉತ್ತರ ಮೊನೆಯಲ್ಲಿದೆ. ಹಳೆಯ ಸೂಜಿಯ ತುದಿ ಓರೆಯಾಗಿ ಕತ್ತರಿಸಿದ ಬಿದಿರಿನಂತೆ ಹರಿತವಾಗಿತ್ತು. ಜರ್ಮನಿಯ ಕ್ವಿಂಕೆ ಎಂಬ ವೈದ್ಯನ ಹೆಸರಿನಿಂದ ಅದು ಇಂದಿಗೂ ಬಳಕೆಯಲ್ಲಿದೆ. ಅಮೆರಿಕದ ಗ್ರೀನ್ ಎಂಬಾತ ೧೯೨೬ರಲ್ಲಿ, ಪೊರೆಯನ್ನು ಕೊಯ್ಯದ ದುಂಡು ಮೊನೆ ಲೇಸೆಂದು ವಾದಿಸಿದನು. ೧೯೫೧ರಲ್ಲಿ ಹಾರ್ಟ್ ಮತ್ತು ವಿಟಾಕರ್ ಎಂಬಿಬ್ಬರು ಪೆನ್ಸಿಲ್ ಮೊನೆಯ ಸೂಜಿಯನ್ನು ತಂದರು. ೧೯೮೭ರಲ್ಲಿ ಜರ್ಮನಿಯ ಸ್ಪ್ರೋಟೆ ಅದನ್ನು ಮತ್ತಷ್ಟು ತಿದ್ದಿದನು. ಈ ಸೂಜಿಯ ತುದಿ ಗಟ್ಟಿ; ಮದ್ದು ಹೊರಡುವ ಕಿಂಡಿ ತುಸು ಹಿಂದೆ, ಪಕ್ಕದಲ್ಲಿ. ವಾಚಕರಿಗೆ ಚೇಳಮ್ಮನ ನೆನಪಾಗಿರಬೇಕು!

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಧಾನ್ಯದ ಮಂಡಿಗೆ ಹೋಗಿ ನೋಡಬೇಕು. ವರ್ತಕನು ರಾಗಿಯ ಮೂಟೆಗೆ ಒಂದು ಚೂಪು ಕೊಳವೆಯನ್ನು ಚುಚ್ಚುತ್ತಾನೆ. ಅದರ ತುದಿ ಗಟ್ಟಿ, ಪಕ್ಕದಲ್ಲಿ ಬಾಯಿ. ಹಿಡಿ ಕಾಳು ಮಾದರಿಗೆ ಹೊರಬರುತ್ತದೆ. ಕೊಳವೆಯನ್ನು ಎಳೆದುಕೊಂಡು ಗೋಣಿಯನ್ನು ಬೆರಳಿನಿಂದ ಒಮ್ಮೆ ತೀಡಿದರೆ, ಸರಿದಿದ್ದ ನಾರಿನೆಳೆಗಳು ಕೂಡಿಕೊಳ್ಳುತ್ತವೆ. ಒಂದು ಕಾಳೂ ಸೋರುವುದಿಲ್ಲ. ಅದೇ ಗೋಣಿಗೆ ಚಾಕು ಹಾಕಿದರೆ?

ಬಹುಕಾಲ ವೈದ್ಯರೂ ಹೀಗೆಯೇ ವಿವರಿಸುತ್ತಿದ್ದರು. ಆದರೆ ಮುಂದೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದು ಸೋಜಿಗ ಕಂಡಿತು: ಪೆನ್ಸಿಲ್ ಮೊನೆ ಮಾಡಿದ ತೂತೇ ಹೆಚ್ಚು ಒರಟು, ಅಂಚೆಲ್ಲ ಎಳೆಎಳೆ. ಹರಿತ ಮೊನೆಯ ಗಾಯ ನುಣುಪಾಗಿದ್ದು ಬಾಯಿ ತೆರೆದಿರುತ್ತದೆ. ಒರಟು ಗಾಯ ಬೇಗ ಊದಿಕೊಂಡು ಮುಚ್ಚುತ್ತದೆ ಎಂದು ಈಗ ಹೇಳುತ್ತಾರೆ. ವಿವರಣೆ ಬದಲಾಯಿತು, ಫಲ ಬದಲಾಗಲಿಲ್ಲ. ೨೦೧೮ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಬೆನ್ನಿನ ಪೊರೆಗೆ ಸೂಜಿ ಚುಚ್ಚಿದ ೧೧೦ ಪ್ರಯೋಗಗಳ ೩೧,೪೧೨ ಜನರ ವಿವರಗಳನ್ನು ಕೂಡಿಸಿ ನೋಡಿತು. ಹಳೆಯ ರೀತಿಯ ಮೊನೆಯಿಂದ ನೂರರಲ್ಲಿ ೧೧ ಜನಕ್ಕೆ ಈ ತಲೆನೋವು. ಪೆನ್ಸಿಲ್ ಮೊನೆಯ ಜಾತಿಯ ಸೂಜಿಗಳಿಂದ ನೂರರಲ್ಲಿ ನಾಲ್ಕು ಜನಕ್ಕೆ.

ಈ ವ್ಯತ್ಯಾಸ ನಮಗೇಕೆ ಮುಖ್ಯ? ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ ಸುಮಾರು ೩೧ ಸಿಸೇರಿಯನ್. ಅವುಗಳಲ್ಲಿ ಹೆಚ್ಚಿನವು ನಡೆಯುವುದು ಬೆನ್ನಿನ ಅರಿವಳಿಕೆಯಲ್ಲಿ. ಎಳೆಯ ವಯಸ್ಸಿನ ಹೆಂಗಸರಿಗೆ, ಅದರಲ್ಲೂ ಬಾಣಂತಿಯರಿಗೆ, ಈ ತಲೆನೋವು ಬರುವ ಸಂಭವ ಹೆಚ್ಚು. ಹರಿತ ಮೊನೆಯದಕ್ಕಿಂತ ಪೆನ್ಸಿಲ್ ಮೊನೆಯ ಸೂಜಿಗೆ ಬೆಲೆ ಹೆಚ್ಚು, ನಿಜ. ಆದರೆ ಒಂದು ವಾರ ಮಗುವನ್ನೆತ್ತಿಕೊಳ್ಳಲಾರದ ತಾಯಿಯ ಸಂಕಟಕ್ಕೆ ಬೆಲೆ ಕಟ್ಟುವವರಾರು?

ಕಣ್ಣಿನ ಹಿಂದೆ

ಮೊನೆಯನ್ನು ಮೊಂಡು ಮಾಡಿದಷ್ಟೂ ಕ್ಷೇಮವೆಂಬ ಪಾಠವನ್ನು ಕಣ್ಣಿನ ವೈದ್ಯರು ತಮ್ಮದೇ ದಾರಿಯಲ್ಲಿ ಕಲಿತರು. ಬೀಳಗಿಯಲ್ಲಿ ಹುಟ್ಟಿ, ಊರೂರಿಗೆ ಹೋಗಿ ನೇತ್ರಶಿಬಿರ ನಡೆಸಿದ ಡಾ. ಎಂ. ಸಿ. ಮೋದಿಯವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಒಂದೇ ದಿನದಲ್ಲಿ ೮೩೩ ಪೊರೆಯ ಶಸ್ತ್ರಕ್ರಿಯೆಗಳನ್ನು ಮಾಡಿದರೆಂಬ ದಾಖಲೆ ಅವರದು. ಅಂಥ ಶಿಬಿರಗಳಲ್ಲಿ ಕಣ್ಣೊಂದನ್ನೇ ಮರಗಟ್ಟಿಸದೆ ಬೇರೆ ದಾರಿಯಿಲ್ಲ. ಅದಕ್ಕಾಗಿ ಕಣ್ಣುಗುಡ್ಡೆಯ ಹಿಂದಕ್ಕೆ ಸುಮಾರು ೩೫ ಮಿಲಿಮೀಟರ್ ಉದ್ದದ ಸೂಜಿಯನ್ನು ಹಾಯಿಸುವ ಪದ್ಧತಿ ದೀರ್ಘಕಾಲ ನಡೆಯಿತು. ಗುಡ್ಡೆಯ ಉದ್ದ ಸಾಮಾನ್ಯವಾಗಿ ೨೪ ಮಿಲಿಮೀಟರ್. ದೂರದ ವಸ್ತು ಕಾಣದೆ ದಪ್ಪ ಕನ್ನಡಕ ಹಾಕುವವರಲ್ಲಿ ಅದು ಇನ್ನೂ ಉದ್ದ, ಗೋಡೆಯೂ ತೆಳು. ಸೂಜಿ ಕೂದಲೆಳೆಯಷ್ಟು ದಾರಿ ತಪ್ಪಿದರೆ ಗುಡ್ಡೆಗೇ ತೂತು.

ಅಮೆರಿಕದ ಆಟ್ಕಿನ್‌ಸನ್ ಇದಕ್ಕಾಗಿ ಮೊನೆ ಮೊಂಡಾದ ಸೂಜಿಯನ್ನು ಬಳಕೆಗೆ ತಂದನು. ಮೊಂಡು ಸೂಜಿಯೂ ಚುಚ್ಚಿದರೆ ಗಾಯ ದೊಡ್ಡದೆಂದು ಕೆಲವರು ತಕರಾರು ತೆಗೆದರು. ೧೯೮೦ರ ದಶಕದಲ್ಲಿ ಸೂಜಿಯನ್ನು ಅಷ್ಟು ಆಳಕ್ಕೆ ಕಳುಹಿಸದೆ, ಗುಡ್ಡೆಯ ಸುತ್ತ ಮದ್ದು ಹರಡುವ ಕ್ರಮ ಬಂದಿತು. ೧೯೯೨ರಲ್ಲಿ ಸ್ಟೀವನ್ಸ್ ಎಂಬ ವೈದ್ಯನು, ಕಣ್ಣಿಗೆ ಹನಿ ಹಾಕಿ ಮರಗಟ್ಟಿಸಿ, ಬಿಳಿಪೊರೆಯಲ್ಲಿ ಸಣ್ಣ ಕಿಂಡಿ ಮಾಡಿ, ಗುಡ್ಡೆಯ ಬಾಗಿಗೆ ತಕ್ಕಂತೆ ಬಾಗಿದ ಮೊಂಡು ಕೊಳವೆಯಿಂದ ಮದ್ದನ್ನು ಬಿಡುವ ವಿಧಾನವನ್ನು ವಿವರಿಸಿದನು. ಇಂದು ಎಷ್ಟೋ ಪೊರೆಯ ಶಸ್ತ್ರಕ್ರಿಯೆಗಳು ಹನಿಯೊಂದರಿಂದಲೇ ಮುಗಿಯುತ್ತವೆ. ಬಡ ಕೊಲ್ಲರನ ಹನಿಗೆ ನೂರು ವರ್ಷ ಸುತ್ತಿ ಮರಳಿ ಬಂದಂತಾಯಿತು.

ಹೊಂದಬಾರದ ಜೋಡಣೆ

ಕೀಲ್ ನಗರದ ಆ ಸಂಜೆ ಪಿಚಕಾರಿ ಸೂಜಿಗೆ ಹೊಂದದೆ ತೊಂದರೆಯಾಯಿತಷ್ಟೆ. ಆ ಮೇಲೆ ಯಾವ ಪಿಚಕಾರಿಯಾದರೂ ಯಾವ ಸೂಜಿಗಾದರೂ ಕೂಡುವಂತೆ ‘ಲೂಯರ್’ ಎಂಬ ಒಂದೇ ಅಳತೆಯ ಮೂತಿ ಎಲ್ಲೆಡೆ ಹಬ್ಬಿತು. ಇದು ಮಹೋಪಕಾರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಎಲ್ಲವೂ ಎಲ್ಲಕ್ಕೂ ಹೊಂದಿದಾಗ, ಬೆನ್ನಿನ ಮದ್ದು ರಕ್ತನಾಳಕ್ಕೂ, ರಕ್ತನಾಳದ ಮದ್ದು ಬೆನ್ನಿಗೂ ಹೋಗುವ ದಾರಿ ತೆರೆಯುತ್ತದೆ. ೨೦೦೬ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹೆರಿಗೆಗೆ ಬಂದ ೧೬ ವರ್ಷದ ತರುಣಿಗೆ, ಬೆನ್ನಿಗೆ ಕೊಡಬೇಕಾಗಿದ್ದ ಅರಿವಳಿಕೆ ಮದ್ದು ಕೈತಪ್ಪಿನಿಂದ ರಕ್ತನಾಳಕ್ಕೆ ಹೋಯಿತು. ಆ ಮದ್ದು ರಕ್ತದಲ್ಲಿ ಬೆರೆತರೆ ಹೃದಯವನ್ನೇ ನಿಲ್ಲಿಸಬಲ್ಲದು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ.

“ಎಚ್ಚರಿಕೆಯಿಂದಿರಿ” ಎಂದು ಗೋಡೆಗೆ ಬರೆದರೆ ದಣಿದ ದಾದಿಯ ಕೈ ತಪ್ಪದಿರುತ್ತದೆಯೆ? ಅದಕ್ಕಾಗಿ ೨೦೧೬ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಬೆನ್ನಿನ ಮತ್ತು ನರಗಳ ಅರಿವಳಿಕೆಗೆಂದೇ ಬೇರೆ ಅಳತೆಯ ಜೋಡಣೆಯನ್ನು ಗೊತ್ತುಮಾಡಿತು. ಅದು ಲೂಯರ್ ಮೂತಿಗಿಂತ ಕಿರಿದು. ತಪ್ಪು ಪಿಚಕಾರಿಯನ್ನು ತಂದರೆ ಕೂಡುವುದೇ ಇಲ್ಲ. ಬಿಯರನಿಗೆ ಅಡ್ಡಿಯಾದ ಹೊಂದಿಕೆಯಿಲ್ಲದ ಮೂತಿ ಈಗ ಕಾವಲುಗಾರನಾಗಿ ಬಂದಿದೆ. ಜಪಾನಿನಂಥ ದೇಶಗಳು ಇದನ್ನು ಕೈಗೊಂಡಿವೆ. ಎಲ್ಲೆಡೆಯೂ ಇನ್ನೂ ಹಬ್ಬಿಲ್ಲ.

ನಾವು ಕೇಳಬಹುದಾದುದು

ಇದನ್ನೋದಿ ಯಾರೂ ಬೆನ್ನಿನ ಇಂಜೆಕ್ಷನ್ನಿಗೆ ಹೆದರಬೇಕಾಗಿಲ್ಲ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಜೀವಮಾನವೆಲ್ಲ ಕಾಡುವ ಸೊಂಟನೋವಿಗೆ ಆ ಇಂಜೆಕ್ಷನ್ನೇ ಕಾರಣವೆಂಬ ಜನಜನಿತ ಮಾತಿಗೆ ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿಲ್ಲ. ಆದರೆ ಶಸ್ತ್ರಕ್ರಿಯೆಗೆ ಮುನ್ನ ಅರಿವಳಿಕೆ ವೈದ್ಯರು ಬಂದಾಗ, “ಸಾರ್, ಯಾವ ಮೊನೆಯ ಸೂಜಿ ಹಾಕುತ್ತೀರಿ?” ಎಂದು ವಿನಯದಿಂದ ಕೇಳುವುದು ಅಧಿಕಪ್ರಸಂಗವೇನಲ್ಲ. ಹೆರಿಗೆಯ ಅನಂತರ ತಲೆನೋವು ಬಂದರೆ ಮನೆಯಲ್ಲಿ ತೀರ್ಮಾನ ಮಾಡದೆ ವೈದ್ಯರಿಗೆ ತಿಳಿಸಬೇಕು. ಜ್ವರ, ಫಿಟ್ಸು, ಕಣ್ಣು ಮಂಜಾಗುವುದು, ಕೈಕಾಲಿನ ಬಲಹೀನತೆ ಇವು ಜೊತೆಗಿದ್ದರಂತೂ ಒಂದು ಗಳಿಗೆಯೂ ತಡೆಯಬಾರದು. ಅದು ಬೇರೆಯೇ ದೊಡ್ಡ ರೋಗವಾಗಿರಬಹುದು.

ನನ್ನ ತಂಗಿಯನ್ನು ಆರನೆಯ ದಿನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮುಳಬಾಗಿಲಿನಿಂದ ಕೋಲಾರಕ್ಕೆ ಕರೆತಂದೆವು. ಪರೀಕ್ಷಿಸಿದ ವೈದ್ಯರು ಅವಳ ತೋಳಿನಿಂದಲೇ ಸ್ವಲ್ಪ ರಕ್ತ ತೆಗೆದು, ಬೆನ್ನಿನಲ್ಲಿ ಹಿಂದಿನ ತೂತಿದ್ದ ಕಡೆ, ಪೊರೆಯ ಹೊರಗೆ ಬಿಟ್ಟರು. ಸೈಕಲ್ ಟ್ಯೂಬಿಗೆ ತೇಪೆ ಹಾಕಿದಂತೆ ಆ ರಕ್ತ ಹೆಪ್ಪುಗಟ್ಟಿ ತೂತನ್ನು ಮುಚ್ಚುತ್ತದೆ. ೧೯೬೦ರಲ್ಲಿ ಗೋರ್ಮ್ಲೆ ಎಂಬ ಶಸ್ತ್ರವೈದ್ಯನು ಕಂಡುಕೊಂಡ ಉಪಾಯವಿದು. ಎಲ್ಲರಿಗೂ ಒಂದೇ ಸಲಕ್ಕೆ ಫಲಿಸುವುದಿಲ್ಲ, ಅವಳಿಗೆ ಫಲಿಸಿತು. ಎರಡು ಗಂಟೆ ಮಲಗಿದ್ದು, ಮೆಲ್ಲನೆ ಎದ್ದು ಕುಳಿತು, ನಂಬಲಾರದವಳಂತೆ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, “ಅತ್ತೆ, ಮಗು ಕೊಡಿ” ಎಂದಳು.

ಅತ್ತೆಯವರು ಒಂದು ಮಾತೂ ಆಡದೆ ಮಗುವನ್ನು ಅವಳ ಮಡಿಲಿಗಿಟ್ಟರು. ಆ ದಿನ ಅವರು ಏನು ಯೋಚಿಸಿದರೋ ನಾನರಿಯೆ. ಮೊನ್ನೆ ಮುಳಬಾಗಿಲಿಗೆ ಹೋಗಿದ್ದಾಗ, ಪಕ್ಕದ ಮನೆಯ ಬಾಣಂತಿ ಸೊಸೆಗೆ ತಲೆನೋವೆಂದು ಯಾರೋ ಹೇಳುತ್ತಿದ್ದರು. ಒಳಗೆ ಬತ್ತಿ ಹೊಸೆಯುತ್ತಿದ್ದ ಅತ್ತೆಯವರು ಅಲ್ಲಿಂದಲೇ ಕೂಗಿ ಕೇಳಿದರು: “ಮಲಕ್ಕೊಂಡ್ರೆ ನೋವು ಹೋಗುತ್ತಾ, ಮೊದಲು ಅದನ್ನ ಕೇಳಿ!”